ಖೋಖೋ ತಂಡ ಮತ್ತು ಡಾಕ್ಟರ್ ಸೀಟು

ಗೆಳೆಯರೇ, ಇವತ್ತು ಬೆಳಿಗ್ಗೆ ಕೊಟ್ಟೂರಿನ ನಮ್ಮ ಶಾಲೆಯ ಮೈದಾನಕ್ಕೆ ಒಂಬತ್ತನೇ ಕ್ಲಾಸಿನ ಅಂಜಲಿಯ ಅಪ್ಪ ಬಂದರು. ನಾನು ಅಲ್ಲಿ ಆಟದ ಮೇಷ್ಟ್ರು. ಅಂಜಲಿ ನಮ್ಮ ಖೋಖೋ ತಂಡದ ಜೀವ. ಅವಳನ್ನು ಮುಟ್ಟುವಷ್ಟರಲ್ಲಿ ಎದುರು ತಂಡ ಏದುಸಿರು ಬಿಡುತ್ತದೆ.

“ಸರ, ಇಕಿ ಹೆಸರು ಟೀಮಿನಿಂದ ತೆಗೀರಿ. ಈಗಿಂದ ನೀಟ್‌ಗೆ ಓದಬೇಕಂತ, ಕೋಚಿಂಗಿನವ್ರು ಹೇಳ್ಯಾರ.”

“ಇನ್ನಾ ಎಸ್ಸೆಸ್ಸೆಲ್ಸಿನ ಬಂದಿಲ್ಲಲ್ರಿ?”

“ಈಗಾಗ್ಲೇ ತಡ ಆಗೇತಂತ್ರಿ. ಖೋಖೋ ಮ್ಯಾಲ ನೀಟ್‌ನ್ಯಾಗ ಏನರ ಪ್ರಶ್ನಿ ಕೇಳ್ತಾರೇನ್ರಿ?”

ಪಕ್ಕದಲ್ಲೇ ನಿಂತಿದ್ದ ಅಂಜಲಿ, “ಮುಂದಿನ ವಾರ ತಾಲ್ಲೂಕು ಮ್ಯಾಚ್ ಐತಪ್ಪಾ, ಅದೊಂದು ಆಡ್ತೀನಿ” ಅಂದಳು. ಆ ಮನುಷ್ಯ ಮಗಳತ್ತ ತಿರುಗಿಯೂ ನೋಡಲಿಲ್ಲ. ಅವಳು ಜರ್ಸಿ ಮಡಚಿ ನನ್ನ ಕೈಗಿಟ್ಟು ಹೋದಳು.

ಸಂಜೆ ಅದೇ ಅಪ್ಪನ ಫೋನು. ದನಿ ಬೆಣ್ಣೆಯಂತಾಗಿತ್ತು. “ಸರ, ಡಾಕ್ಟರ್ ಸೀಟಿಗೆ ಸ್ಪೋರ್ಟ್ಸ್ ಕೋಟಾನೂ ಐತಂತಲ್ರಿ! ಇಕಿ ಹೆಸರು ಹಂಗ ಇರ್ಲಿ. ಆಡಾಕ ಮಾತ್ರ ಕಳ್ಸಂಗಿಲ್ಲ, ಸರ್ಟಿಫಿಕೇಟ್ ಅಷ್ಟ ಕೊಟ್ಬಿಡ್ರಿ.”

“ಆಡದ ಹುಡುಗಿಗೆ ಸರ್ಟಿಫಿಕೇಟ್ ಹೆಂಗ ಕೊಡ್ಲಿ? ನಾಳಿ ಮುಂಜಾನಿ ಮೈದಾನಕ್ಕ ಕಳಿಸ್ರಿ” ಅಂದೆ.

ಒಪ್ಪಿದರು. “ಆತ್ರಿ, ಕಳಿಸ್ತೀನಿ. ಆದ್ರ ಬಾಳ ಓಡಿಸಬ್ಯಾಡ್ರಿ, ದಣಿದ್ರ ಓದಾಕ ಆಗಂಗಿಲ್ಲ.”

ಓಡದೆ ಖೋಖೋ ಆಡುವುದನ್ನು ಕೋಚಿಂಗಿನವರು ಕಲಿಸುತ್ತಾರೋ ಏನೋ. ನನಗಂತೂ ಬರುವುದಿಲ್ಲ.