ಅಪ್ಪನ ಉಗುರು, ರೆಕಾರ್ಡಿನ ಮುಳ್ಳು

ಇವತ್ತು ನಮ್ಮ ಹಳೇ ರೆಕಾರ್ಡ್ ಪ್ಲೇಯರನ್ನು ಸವಳಂಗ ರಸ್ತೆಯ ರಿಪೇರಿ ಅಂಗಡಿಗೆ ಒಯ್ದಿದ್ದೆ. ಅಂಗಡಿಯವರು ಅದರ ಮುಳ್ಳನ್ನು ಭೂತಗನ್ನಡಿಯಲ್ಲಿ ನೋಡಿ, "ತುದಿ ದುಂಡಗಿರ್ಬೇಕು ಮೇಡಂ. ಇದು ಸವೆದು ಉಳಿ ಥರ ಚೂಪಾಗಿದೆ. ಹಾಕಿದ ರೆಕಾರ್ಡನ್ನೆಲ್ಲ ಕೆತ್ತಿರುತ್ತೆ" ಅಂದರು.

ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತ್ ಯಂತ್ರದ ಕೆಲಸದಲ್ಲಿದ್ದರು. ಟೂಲಿನ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡುವುದು ಅವರ ಅಭ್ಯಾಸ. ಭಾನುವಾರ ಬೆಳಿಗ್ಗೆ, ಗ್ರೀಸಿನ ಕಪ್ಪು ಹೋಗದ ಅದೇ ಉಗುರಿನ ಮೇಲೆ ಈ ಮುಳ್ಳಿಗೂ ಪರೀಕ್ಷೆ. ಮುಳ್ಳು ಉಗುರಿಗೆ ಕಚ್ಚಿದರೆ, "ಇನ್ನೂ ಚೂಪಾಗಿದೆ ಪುಟ್ಟಿ, ಹೊಸದ್ಯಾಕೆ?" ಅನ್ನೋರು.

ಹಾಡುಗಳು ಒಂದೊಂದಾಗಿ ಕರಕರ ಅನ್ನತೊಡಗಿದವು. "ರೆಕಾರ್ಡನ್ನ ಸೆರಗಲ್ಲಿ ಒರೆಸ್ಬೇಡ ಅಂದ್ರೆ ಕೇಳಲ್ಲ ನೀನು" ಅಂತ ಅಪ್ಪ ಅಮ್ಮನ ಮೇಲೆ ರೇಗಿದರು. ಆಮೇಲೆ ಅವಳು ಪ್ಲೇಯರಿನ ಹತ್ತಿರ ಬಂದಾಗಲೆಲ್ಲ "ಅಮ್ಮ, ಮುಟ್ಬೇಡ" ಅಂತ ಕೂಗುತ್ತಿದ್ದವಳು ನಾನು.

ಅಪ್ಪ ಈಗಿಲ್ಲ. ಹೊಸ ಮುಳ್ಳು ಹಾಕಿಸಿಕೊಂಡು ರವೀಂದ್ರನಗರದ ಮನೆಗೆ ಬಂದು, ತಪ್ಪು ನಿನ್ನದಾಗಿರಲಿಲ್ಲ ಅಂತ ಅಮ್ಮನಿಗೆ ಹೇಳಿದೆ. ಅವಳಿಷ್ಟದ ರೆಕಾರ್ಡನ್ನು ಕೈಗೆ ಕೊಡಹೋದೆ. ಅಡುಗೆಮನೆ ಬಾಗಿಲಲ್ಲೇ ನಿಂತು, ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ಅಮ್ಮ ಅಂದಳು, "ನೀನೇ ಹಾಕು ಮಾರಾಯ್ತಿ. ನಂಗೆ ಇಲ್ಲಿಂದಲೇ ಕೇಳುತ್ತೆ."