ಬೆಚ್ಚಗಿದ್ದರೆ ಮಾತ್ರ ಏಳುವ ಲ್ಯಾಪ್‌ಟಾಪ್

ಕಚೇರಿಯಲ್ಲಿ ಅವಳನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಅವಳು ಅಲ್ಲಿ ಯಾರಿಗೂ ಏನೂ ಆಗಬೇಕಿರಲಿಲ್ಲ. ದೂರು ವಿಭಾಗದ ಆ ಉದ್ದನೆಯ ಹಾಲಿನಲ್ಲಿ ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಂಡವಳು ಅವಳೊಬ್ಬಳೇ. ಅಷ್ಟಕ್ಕೇ ಆ ಹೆಸರು ಅಂಟಿಕೊಂಡಿತ್ತು. ಅದರಲ್ಲಿ ಪ್ರೀತಿ ಎಷ್ಟು, ಕುಚೋದ್ಯ ಎಷ್ಟು ಎಂದು ತೂಗಿ ನೋಡುವ ಗೋಜಿಗೆ ಅವಳು ಹೋಗಿರಲಿಲ್ಲ. ಕರೆದರೆ ಓಗೊಡುತ್ತಿದ್ದಳು, ಮತ್ತೆ ಕೆಲಸಕ್ಕೆ ಬಗ್ಗುತ್ತಿದ್ದಳು.

ಕಂಪನಿ ಬಟ್ಟೆ ಒಗೆಯುವ ಯಂತ್ರ ಮಾಡಿ ಮಾರುತ್ತಿತ್ತು. ಯಂತ್ರ ಕೈಕೊಟ್ಟವರು ಬರೆದುಕೊಂಡ ಗೋಳಿಗೆಲ್ಲ ಉತ್ತರ ಕಳಿಸುವುದು ದೊಡ್ಡಮ್ಮನ ಕೆಲಸ. ‘ಯಂತ್ರವನ್ನು ಪರಿಶೀಲಿಸಲಾಗಿದೆ, ದೋಷ ಕಂಡುಬಂದಿಲ್ಲ, ಬಳಸುವ ಕ್ರಮವನ್ನು ದಯವಿಟ್ಟು ಕೈಪಿಡಿಯಲ್ಲಿ ನೋಡಿಕೊಳ್ಳಿ’ ಎಂಬ ಸಾಲನ್ನು ಎಷ್ಟು ವರ್ಷ ಟೈಪ್ ಮಾಡಿದ್ದಳೆಂದರೆ, ಮನಸ್ಸು ಮನೆಯಲ್ಲಿದ್ದರೂ ಬೆರಳುಗಳು ತಮ್ಮ ಪಾಡಿಗೆ ಅದನ್ನು ಮುಗಿಸಿ ಚುಕ್ಕೆ ಇಡುತ್ತಿದ್ದವು. ಆ ಸಾಲು ಓದಿದವರ ಮುಖ ಹೇಗಾಗುತ್ತದೆಂದು ಅವಳು ಯೋಚಿಸಿದವಳಲ್ಲ. ಸಂಬಳ ಕೊಡುವುದು ಯೋಚಿಸುವುದಕ್ಕಲ್ಲವಲ್ಲ.

ಮನಸ್ಸು ಮನೆಯಲ್ಲಿರಲು ಕಾರಣವಿತ್ತು. ಗಂಡ ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತಿದ್ದವನು. ಎರಡೂ ಮೂತ್ರಪಿಂಡ ಕೆಟ್ಟು ಅಂಗಡಿ ಮುಚ್ಚಿದ್ದ. ವಾರಕ್ಕೆರಡು ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಬೇಕು. ಅದು ಅವನ ರಕ್ತವನ್ನು ಹೊರಗೆಳೆದು, ತೊಳೆದು, ಒಳಗೆ ಬಿಡುತ್ತದೆ. ಅದರ ಖರ್ಚು ಪೂರ್ತಿ ಅವಳ ಕಚೇರಿಯ ಆರೋಗ್ಯ ವಿಮೆಯದು. ಅವಳ ಕೆಲಸ ಹೋದರೆ ವಿಮೆ ಹೋಗುತ್ತದೆ, ವಿಮೆ ಹೋದರೆ ಆ ಮಂಚ ಹೋಗುತ್ತದೆ, ಮಂಚ ಹೋದರೆ ಗಂಡ ಹೋಗುತ್ತಾನೆ. ಇದನ್ನು ಬಿಡಿಸಿ ಹೇಳಲು ಪಂಡಿತರು ಬೇಕಿಲ್ಲ.

ಹೊಸ ಮುಖ್ಯಸ್ಥ ಬಂದ. ವಯಸ್ಸು ಚಿಕ್ಕದು, ಮಾತು ಮೃದು, ಎಲ್ಲರನ್ನೂ ಮೇಡಂ, ಸರ್ ಎಂದೇ ಕರೆಯುವ ಸಭ್ಯ. ಬಂದವನೇ ವಿಭಾಗದ ಲ್ಯಾಪ್‌ಟಾಪ್‌ಗಳನ್ನೆಲ್ಲ ವಾಪಸ್ ತೆಗೆದುಕೊಂಡು ಮರುಹಂಚಿಕೆ ಮಾಡಿದ. ದೊಡ್ಡಮ್ಮನ ಪಾಲಿಗೆ ಬಂದದ್ದು ಒಂದು ಮುದಿ ಲ್ಯಾಪ್‌ಟಾಪ್. ಮುಚ್ಚಳದ ಮೂಲೆ ಒಡೆದು ಟೇಪ್ ಸುತ್ತಿತ್ತು. ಅಂಗೈ ಊರುವ ಜಾಗದಲ್ಲಿ ಯಾರೋ ಅಂಟಿಸಿದ್ದ ಬೆಕ್ಕಿನ ಚಿತ್ರದ ಕಿವಿಗಳಷ್ಟೇ ಉಳಿದಿದ್ದವು. ಒಂದು ಕೀಲಿಯ ಮೇಲೆ ಉಗುರುಬಣ್ಣದ ಒಣಗಿದ ಹನಿ. ಬ್ಯಾಟರಿ ಸತ್ತೇ ಹೋಗಿತ್ತು. ವೈರ್ ಕಿತ್ತ ಕೂಡಲೇ ಕಣ್ಣು ಮುಚ್ಚುತ್ತಿತ್ತು. ಸಂಜೆ ಎಲ್ಲರೂ ಲ್ಯಾಪ್‌ಟಾಪ್ ಮನೆಗೆ ಒಯ್ಯಬೇಕು, ಬೆಳಿಗ್ಗೆ ಬಂದು ತೆರೆಯಬೇಕು. ಮುಖ್ಯಸ್ಥನ ಗಾಜಿನ ಕೋಣೆಯಲ್ಲೊಂದು ದೊಡ್ಡ ಪರದೆ. ಕೆಲಸದ ಹೊತ್ತಿಗೆ ಸರಿಯಾಗಿ ಲಾಗಿನ್ ಆದವರ ಹೆಸರು ಅದರಲ್ಲಿ ಹಸಿರು, ಆಗದವರದು ಕೆಂಪು. ಹಾಲಿನ ಯಾವ ಮೂಲೆಯಲ್ಲಿ ಕೂತರೂ ಅದು ಕಾಣುತ್ತಿತ್ತು. ಕಾಣಲೆಂದೇ ಇಟ್ಟದ್ದು.

ಮೊದಲ ಬೆಳಿಗ್ಗೆ ದೊಡ್ಡಮ್ಮ ಗುಂಡಿ ಒತ್ತಿದಳು. ಸಣ್ಣ ದೀಪ ಒಮ್ಮೆ ಮಿನುಗಿ ಆರಿತು. ಮತ್ತೆ ಒತ್ತಿದಳು, ಮತ್ತೆ ಆರಿತು. ಅವಳ ಕುರ್ಚಿಯ ನೆತ್ತಿಯ ಮೇಲೇ ಎ.ಸಿ.ಯ ಬಾಯಿ, ತಣ್ಣನೆ ಗಾಳಿ ನೇರ ಮೇಜಿಗೆ ಸುರಿಯುತ್ತಿತ್ತು. ಆದರೂ ಅವಳ ಕುತ್ತಿಗೆಯಲ್ಲಿ ಬೆವರು ಹರಿಯಿತು.

ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಕೆಳಗಿನ ಅಂತಸ್ತಿಗೆ ಓಡಿದಳು. ಕಂಪ್ಯೂಟರುಗಳ ರಿಪೇರಿ ನೋಡಿಕೊಳ್ಳುವ ಸಿಸ್ಟಮ್ಸ್‌ನವನ ಕೋಣೆ ಜನರೇಟರ್ ಶೆಡ್ಡಿಗೆ ಅಂಟಿಕೊಂಡಿತ್ತು. ಕಿಟಕಿಯಿಲ್ಲ, ಫ್ಯಾನು ಸುತ್ತಿದರೂ ಬಿಸಿಗಾಳಿಯೇ. ಆ ಮನುಷ್ಯ ಸದಾ ಹೆಗಲ ಮೇಲೊಂದು ಕರವಸ್ತ್ರ ಹಾಕಿಕೊಂಡಿರುತ್ತಿದ್ದ. ಅವನು ಕೈಯಲ್ಲಿದ್ದ ಚಹಾ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ನಿಧಾನಕ್ಕೆ ಗುಂಡಿ ಒತ್ತಿದ. ಎದ್ದಿತು.

“ನಡೀತಿದೆಯಲ್ಲ ಮೇಡಂ” ಎಂದ.

ಮರುದಿನವೂ ಅದೇ, ಅದರ ಮರುದಿನವೂ ಅದೇ. ಮೇಲೆ ಹೆಣ, ಕೆಳಗೆ ಒಯ್ದರೆ ಜೀವ. ಅಷ್ಟರಲ್ಲಿ ಪರದೆಯ ಮೇಲೆ ಅವಳ ಹೆಸರು ಕೆಂಪಾಗಿರುತ್ತಿತ್ತು. ಅವನು ತನ್ನ ಕಂಪ್ಯೂಟರಿನಲ್ಲಿ ಏನೋ ಗುರುತು ಹಾಕಿಕೊಳ್ಳುವುದನ್ನು ಒಂದು ದಿನ ದೊಡ್ಡಮ್ಮ ಬಗ್ಗಿ ನೋಡಿದಳು. ‘ದೋಷ ಕಂಡುಬಂದಿಲ್ಲ. ಬಳಸುವವರ ಕಡೆಯ ತೊಂದರೆ.’ ತಾನೇ ಬರೆದಂತಿತ್ತು. ಓದಿದವರ ಮುಖ ಹೇಗಾಗುತ್ತದೆಂದು ಆಗ ಗೊತ್ತಾಯಿತು.

ಹಾಲಿನಲ್ಲಿ ಕೂತವರಿಗೆ ದಿನಾ ಬೆಳಗಿನ ಮನರಂಜನೆ ಸಿಕ್ಕಿತು. ಸ್ವಲ್ಪ ಮುದ್ದು ಮಾಡಿ ದೊಡ್ಡಮ್ಮ, ಎದ್ದೀತು ಎಂದು ಒಬ್ಬ ಸಲಹೆ ಕೊಟ್ಟ. ಎರಡೂ ಒಂದೇ ಕಾಲದ ಸರಕು, ಯಾವುದು ಮೊದಲು ನಿಲ್ಲುತ್ತೋ ನೋಡೋಣ ಎಂದು ಇನ್ನೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದಳು. ನಗದೆ ಇದ್ದವಳು ಪಕ್ಕದ ಸೀಟಿನ ಬಸುರಿ ಒಬ್ಬಳೇ. ಅವಳು ಮಾತ್ರ ದೊಡ್ಡಮ್ಮನನ್ನು ಅಕ್ಕಾ ಎನ್ನುತ್ತಿದ್ದಳು. ಕೆಲವು ಬೆಳಿಗ್ಗೆ ತನ್ನ ಕೆಲಸ ಬದಿಗಿಟ್ಟು, ತನ್ನ ಲ್ಯಾಪ್‌ಟಾಪನ್ನೇ ಇತ್ತ ಸರಿಸಿ, ಮೊದಲು ನಿಮ್ಮದು ಹಸಿರು ಮಾಡಿಕೊಳ್ಳಿ ಎಂದವಳು. ಅದೂ ಹೆಚ್ಚು ದಿನ ನಡೆಯಲಿಲ್ಲ. ಒಬ್ಬರ ಯಂತ್ರದಿಂದ ಇನ್ನೊಬ್ಬರು ಲಾಗಿನ್ ಆಗಬಾರದೆಂದು ಆಜ್ಞೆ ಬಂತು. ಜೊತೆಗೆ ದೊಡ್ಡಮ್ಮನಿಗೆ ಗಾಜಿನ ಕೋಣೆಯಿಂದ ಕರೆಯೂ ಬಂತು. ಹೊಸ ಕಾಲದ ವೇಗಕ್ಕೆ ಹೊಂದಿಕೊಳ್ಳಲು ಕಷ್ಟವಾಗುವುದು ಸಹಜ, ಅಂಥವರು ತಾವಾಗಿಯೇ ಒಂದು ಗೌರವದ ನಿರ್ಧಾರಕ್ಕೆ ಬಂದರೆ ಕಂಪನಿಗೂ ಸಂತೋಷ ಎಂದು ಮುಖ್ಯಸ್ಥ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಹೇಳಿದ.

ಮನೆಯಲ್ಲಿ ಗಂಡ ಹಳೆಯ ಸ್ಕ್ರೂಡ್ರೈವರ್ ತೆಗೆದ. ಮಿಕ್ಸಿಗೂ ಇದಕ್ಕೂ ಏನು ಮಹಾ ವ್ಯತ್ಯಾಸ, ಕರೆಂಟು ಕರೆಂಟೇ ಎಂಬುದು ಅವನ ಸಿದ್ಧಾಂತ. ಮೊದಲು ಚಾರ್ಜರ್ ವೈರಿನ ಮೇಲೆ ಅನುಮಾನಪಟ್ಟ. ಆಮೇಲೆ ಗುಂಡಿ ಸವೆದಿದೆ ಎಂದ. ಸತ್ತ ಬ್ಯಾಟರಿ ತೆಗೆದಿಟ್ಟು ನೋಡಿದ. ಹಿಂದಿನ ಮುಚ್ಚಳ ಬಿಚ್ಚಿ, ಬ್ರಶ್ಶಿನಲ್ಲಿ ಧೂಳು ಗುಡಿಸಿ, ಮೆಮೊರಿ ಪಟ್ಟಿಯ ಹಲ್ಲುಗಳನ್ನು ಅಳಿಸುವ ರಬ್ಬರಿನಿಂದ ಉಜ್ಜಿದ. ಪ್ರತಿ ಸಲವೂ ಒಲೆಯ ಪಕ್ಕದ ಆ ಇಕ್ಕಟ್ಟು ಕೋಣೆಯಲ್ಲಿ ಲ್ಯಾಪ್‌ಟಾಪ್ ತಟ್ಟನೆ ಎದ್ದು ಕೂರುತ್ತಿತ್ತು, ಅವನು ಗೆದ್ದವನಂತೆ ಅವಳ ಮುಖ ನೋಡುತ್ತಿದ್ದ. ಪ್ರತಿ ಬೆಳಿಗ್ಗೆಯೂ ಕಚೇರಿಯಲ್ಲಿ ಅದು ಸಾಯುತ್ತಿತ್ತು.

ಕಾಯಿಲೆ ಅವನ ಮೈಯನ್ನು ತಿಂದಿತ್ತೇ ಹೊರತು ನಾಲಗೆಯನ್ನು ಮುಟ್ಟಿರಲಿಲ್ಲ. “ನಿನ್ನ ಕೈಗುಣ ಕಣೇ ಅದು. ನನ್ನ ಕಿಡ್ನಿನೂ ನಿನ್ನ ಕೈಗೆ ಬಂದ ಮೇಲೇ ನಿಂತಿದ್ದು” ಎಂದ ಒಂದು ಸಂಜೆ, ಸ್ಕ್ರೂಗಳನ್ನು ಬಟ್ಟಲಿಗೆ ಹಾಕುತ್ತಾ. ದೊಡ್ಡಮ್ಮ ಆ ಮಾತನ್ನೂ ಹೊಟ್ಟೆಗೆ ಹಾಕಿಕೊಂಡಳು. ಅಲ್ಲಿ ಜಾಗ ಬೇಕಾದಷ್ಟಿತ್ತು.

ಗುಟ್ಟು ಹೊರಬಿದ್ದದ್ದು ಆಸ್ಪತ್ರೆಯಲ್ಲಿ, ಅದೂ ಅಕಸ್ಮಾತ್ತಾಗಿ. ಡಯಾಲಿಸಿಸ್ ನಡೆಯುವಾಗ ರೋಗಿಗಳಿಗೆ ವಿಪರೀತ ಚಳಿ. ವಾರ್ಡಿನವರು ಮಂಚಕ್ಕೊಂದರಂತೆ ಬಿಸಿನೀರಿನ ರಬ್ಬರ್ ಚೀಲ ಕೊಡುತ್ತಿದ್ದರು. ಒಡೆದರೆ ಮೈ ಸುಡುತ್ತದೆಂಬ ಭಯಕ್ಕೆ ಎರಡನೆಯದನ್ನು ಕೊಡುತ್ತಿರಲಿಲ್ಲ, ಹೊರಗಿನಿಂದ ತರಲೂ ಬಿಡುತ್ತಿರಲಿಲ್ಲ. ಅವತ್ತು ನೆಲ ಒರೆಸಿ ಒದ್ದೆಯಾಗಿತ್ತು. ದೊಡ್ಡಮ್ಮ ಲ್ಯಾಪ್‌ಟಾಪ್ ಬ್ಯಾಗನ್ನು ಗಂಡನ ಕಾಲ ಬಳಿ, ಕಂಬಳಿಯೊಳಗೆ, ಆ ಚೀಲಕ್ಕೊತ್ತಿ ಇಟ್ಟಳು. ಡಯಾಲಿಸಿಸ್ ಮುಗಿದ ಮೇಲೆ ನಾದಿನಿ ಬಂದು ಅವನನ್ನು ಮನೆಗೆ ಕರೆದೊಯ್ದಳು. ಡಯಾಲಿಸಿಸ್ ದಿನಗಳಲ್ಲಿ ಮಧ್ಯಾಹ್ನದ ಪಾಳಿ ಕೇಳಿ ಪಡೆದಿದ್ದ ದೊಡ್ಡಮ್ಮ ಆಟೋ ಹಿಡಿದು ನೇರ ಕಚೇರಿಗೆ ಬಂದಳು. ಗುಂಡಿ ಒತ್ತಿದಳು. ಎದ್ದಿತು. ಕಣ್ಣು ನಂಬದೆ ಎರಡು ಕೈಯಿಂದ ಪರದೆ ಹಿಡಿದುಕೊಂಡಳು.

ಮರುದಿನ ಮತ್ತೆ ಸತ್ತಿತು. ಮುಂದಿನ ಡಯಾಲಿಸಿಸ್ ದಿನ ಮತ್ತೆ ಎದ್ದಿತು. ಆಗ ಒಂದೊಂದೇ ಕೂಡಿಕೊಂಡವು: ಕೆಳಗಿನ ಕೋಣೆಯ ಜನರೇಟರ್ ಬಿಸಿ, ಮನೆಯ ಒಲೆಯ ಬಿಸಿ, ಕಂಬಳಿಯ ಬಿಸಿ. ತನ್ನ ನೆತ್ತಿಯ ಮೇಲಿನ ಆ ತಣ್ಣನೆ ಬಾಯಿ. ಒಳಗೆಲ್ಲೋ ಬೆಸುಗೆ ಬಿಟ್ಟಿರಬೇಕು, ಕಾದರೆ ಹಿಗ್ಗಿ ಕೂಡುತ್ತೆ, ತಣ್ಣಗಾದರೆ ಬಿಡುತ್ತೆ ಎಂದ ಗಂಡ, ತನಗೆ ಮೊದಲೇ ಹೊಳೆದಿತ್ತು ಎಂಬ ದನಿಯಲ್ಲಿ.

ಉಳಿದ ದಿನಗಳಿಗೆ ದಾರಿ ಸಿಕ್ಕಿತು. ಮನೆಯಲ್ಲೇ ನೀರು ಕಾಯಿಸಿ ಒಂದು ಚೀಲ ತುಂಬಿ, ಲ್ಯಾಪ್‌ಟಾಪಿನ ಜೊತೆ ದಪ್ಪ ಟವಲಿನಲ್ಲಿ ಸುತ್ತಿ, ಕೂಸನ್ನು ಹೊತ್ತಂತೆ ಹೊತ್ತು ತರುತ್ತಿದ್ದಳು. ಆಸ್ಪತ್ರೆಯ ದಿನಗಳದ್ದೇ ತಾಪತ್ರಯ. ಅಲ್ಲಿ ಚೀಲ ಒಂದೇ. ಚಳಿ ಇಬ್ಬರಿಗೆ. ಡಯಾಲಿಸಿಸ್ ಮುಗಿಯುವ ಹೊತ್ತಿಗೆ ಚೀಲದ ಬಿಸಿ ಇಳಿಯುತ್ತಾ ಬರುತ್ತಿತ್ತು. ಉಳಿದ ಬಿಸಿ ಯಾರಿಗೆ ಎಂಬ ಪ್ರಶ್ನೆ. ಒಂದು ದಿನ ಅವನಿಗೆ ಜೊಂಪು ಹತ್ತುವುದನ್ನೇ ಕಾದು ದೊಡ್ಡಮ್ಮ ಚೀಲವನ್ನು ಮೆಲ್ಲಗೆ ಅವನ ಪಾದದಡಿಯಿಂದ ಎಳೆದು ಬ್ಯಾಗಿನೊಳಗೆ ತುರುಕಿದಳು. ಅವನ ಹಲ್ಲು ಕಟಕಟ ಎನ್ನತೊಡಗಿತು. ಕಣ್ಣು ತೆರೆಯದೆಯೇ ಅವನು ಹೇಳಿದ.

“ಅದಕ್ಕೇ ಇಡು. ನಾನು ಏಳದಿದ್ರೂ ನಡೆಯುತ್ತೆ. ಅದು ಏಳಲೇಬೇಕು.”

ಚುಚ್ಚಿದನೋ, ಒಪ್ಪಿಗೆ ಕೊಟ್ಟನೋ, ಅವಳು ಕೇಳಲಿಲ್ಲ. ಅವತ್ತಿನಿಂದ ಪ್ರತಿ ಸಲ ಹಾಗೇ ಮಾಡಿದಳು. ಪರದೆಯ ಮೇಲೆ ಅವಳ ಹೆಸರು ದಿನಾ ಹಸಿರಾಯಿತು. ಅದೇ ಹೊತ್ತಿಗೆ ನಾದಿನಿ ಅವನ ಪಾದ ತಿಕ್ಕುತ್ತಾ, ಇವಳೆಂಥ ಹೆಂಗಸೋ ಎಂದು ಗೊಣಗುತ್ತಿದ್ದಳು.

ಕಾರಣ ಗೊತ್ತಾದ ಮೇಲೆ ರಿಪೇರಿ ಮಾಡಿಸುವುದೇನು ಮಹಾ ಎಂದುಕೊಂಡು ದೊಡ್ಡಮ್ಮ ಸಿಸ್ಟಮ್ಸ್‌ನವನ ಬಳಿ ಹೋದಳು. ತಣ್ಣಗಿದ್ದರೆ ಏಳುವುದಿಲ್ಲ, ಬೋರ್ಡಿನ ಬೆಸುಗೆ ನೋಡಿ ಎಂದಳು. ಅವನು ಕರವಸ್ತ್ರದಿಂದ ಮುಖ ಒರೆಸಿಕೊಂಡ, ಎದ್ದು ಹೋಗಿ ಬಾಗಿಲು ಮುಂದೆ ಮಾಡಿದ.

“ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ ಮೇಡಂ? ಇದನ್ನ ರಿಪೇರಿ ಮಾಡೋ ಹಾಗೂ ಇಲ್ಲ, ಎಸೆಯೋ ಹಾಗೂ ಇಲ್ಲ. ಮೇಲಿನವರ ಮಾತು. ಯಾರಿಗೆ ಹೋಗು ಅನ್ನೋಕಾಗಲ್ವೋ ಅವರಿಗೆ ಇದನ್ನ ಕೊಡ್ತಾರೆ. ಎರಡು ಮೂರು ತಿಂಗಳು ಒದ್ದಾಡ್ತಾರೆ, ಆಮೇಲೆ ತಾವೇ ಬರೆದುಕೊಟ್ಟು ಹೋಗ್ತಾರೆ.”

ಬೆಕ್ಕಿನ ಚಿತ್ರ ಅಂಟಿಸಿದ್ದು ಗೋದಾಮಿನ ಗುಮಾಸ್ತನಂತೆ, ಅವನ ಮಗಳು ಕೊಟ್ಟದ್ದಂತೆ. ಉಗುರುಬಣ್ಣ ಸ್ವಾಗತ ಮೇಜಿನ ಹುಡುಗಿಯದು. ಯಾರ ಮೇಲೋ ದೂರು ಕೊಟ್ಟಿದ್ದಳಂತೆ. ಇಬ್ಬರೂ ಈ ಕೋಣೆಗೆ ಬಂದು, ತಮ್ಮ ಕೈಯಲ್ಲೇ ಏನೋ ದೋಷವಿದೆ ಎಂದು ಅತ್ತು ಹೋದವರು. ನೀವೇನು ಹೇಳಿದಿರಿ ಎಂದು ದೊಡ್ಡಮ್ಮ ಕೇಳಿದಳು. ನನಗೂ ಸಂಸಾರವಿದೆ ಎಂದ ಅವನು.

ಕೊಲೆಗೆ ಚಾಕು ಬೇಕೆಂದು ನಾವು ನಂಬಿಕೊಂಡಿದ್ದೇವೆ. ಇಲ್ಲಿ ನೋಡಿ: ಕೆಲಸದಿಂದ ತೆಗೆದರೆ ಕಾರಣ ಕೊಡಬೇಕು, ಪರಿಹಾರ ಕೊಡಬೇಕು, ಕೋರ್ಟು ಕಚೇರಿಯ ತಲೆನೋವು. ಕೆಟ್ಟ ಯಂತ್ರವೊಂದನ್ನು ಕೈಗಿಟ್ಟರೆ ಯಾವ ರಗಳೆಯೂ ಇಲ್ಲ. ಮನುಷ್ಯ ತನ್ನನ್ನು ತಾನೇ ಅಯೋಗ್ಯನೆಂದು ಒಪ್ಪಿಕೊಂಡು, ಥ್ಯಾಂಕ್ಸ್ ಹೇಳಿ ಹೊರಟು ಹೋಗುತ್ತಾನೆ. ಇದನ್ನು ಕಂಡುಹಿಡಿದವರು ರಾತ್ರಿ ಸುಖವಾಗಿ ನಿದ್ದೆ ಮಾಡುತ್ತಾರೆ.

ದೊಡ್ಡಮ್ಮ ಬರೆದುಕೊಡಲಿಲ್ಲ. ತಿಂಗಳುಗಟ್ಟಲೆ ಹಸಿರಾಗೇ ಇದ್ದಳು. ಕೊನೆಗೆ ಮುಖ್ಯಸ್ಥನೇ ಸೋತು ಅವಳನ್ನು ಕರೆದ. ಮೇಜಿನ ಮೇಲೆ ಪೆಟ್ಟಿಗೆಯಿಂದ ತೆಗೆದ ಹೊಸ ಲ್ಯಾಪ್‌ಟಾಪ್. ನಿಮ್ಮ ಛಲ ಮೆಚ್ಚಿದೆ ಮೇಡಂ, ಇದು ನಿಮಗೆ ಎಂದ. ಹಳೆಯದನ್ನು ಪಕ್ಕದ ಸೀಟಿನವಳಿಗೆ ಕೊಟ್ಟುಬಿಡಿ ಎಂದ. ಅವಳ ಹೆರಿಗೆ ರಜೆಗೆ ಇನ್ನೂ ಸಮಯವಿತ್ತು. ರಜೆಯಲ್ಲೂ ಸಂಬಳ ಕೊಡಬೇಕೆಂಬುದು ಇಬ್ಬರಿಗೂ ಗೊತ್ತಿತ್ತು.

“ನೀವೇ ಕೊಡಿ. ನಿಮ್ಮ ಮೇಲೆ ಅವರಿಗೆ ನಂಬಿಕೆ. ಯಂತ್ರದ ವಿಷಯ ಏನಾದ್ರೂ ಇದ್ರೆ ಸಿಸ್ಟಮ್ಸ್‌ನವರು ಹೇಳ್ತಾರೆ, ನೀವು ತಲೆ ಕೆಡಿಸ್ಕೋಬೇಡಿ” ಎಂದ ಮುಖ್ಯಸ್ಥ. ಆಮೇಲೆ ನೆನಪಾದವನಂತೆ, “ನಿಮ್ಮ ಯಜಮಾನರ ವಿಮೆ ನವೀಕರಣ ನನ್ನ ಹತ್ರಾನೇ ಇದೆ. ಈ ವಾರ ನೋಡ್ತೀನಿ” ಎಂದ.

ದೊಡ್ಡಮ್ಮ ಅದನ್ನೊಯ್ದು ಪಕ್ಕದ ಮೇಜಿನ ಮೇಲಿಟ್ಟಳು. ಬಸುರಿ ಮೊದಲು ನಕ್ಕಳು. ನಾಲ್ಕು ದಿನ ಕೆಂಪಾದ ಮೇಲೆ ನಗು ನಿಂತಿತು. ಮೆಟ್ಟಿಲಿಳಿದು ಹತ್ತಿ ಕಾಲು ಬಾತುಕೊಂಡಿದ್ದವು. ಒಂದು ಬೆಳಿಗ್ಗೆ ಕುರ್ಚಿಯನ್ನು ಇತ್ತ ಎಳೆದುಕೊಂಡು ದನಿ ತಗ್ಗಿಸಿ ಕೇಳಿದಳು. “ಅಕ್ಕಾ, ನೀವು ಇದನ್ನ ಹೇಗೆ ಏಳಿಸ್ತಿದ್ರಿ? ಏನಾದ್ರೂ ಇದೆಯಾ? ನನಗೂ ಹೇಳಿ.”

ಗಾಜಿನಾಚೆ ಮುಖ್ಯಸ್ಥ ಫೋನಿನಲ್ಲಿ ಮಾತಾಡುತ್ತಾ ಈ ಕಡೆಗೇ ಮುಖ ಮಾಡಿ ನಿಂತಿದ್ದ. ಬಿಸಿ ಮಾಡು ಎಂಬ ಎರಡು ಪದ ದೊಡ್ಡಮ್ಮನ ನಾಲಗೆಯ ತುದಿಗೆ ಬಂದಿತ್ತು. ವಿಮೆಯ ಕಾಗದಕ್ಕೆ ಸಹಿ ಇನ್ನೂ ಬಿದ್ದಿರಲಿಲ್ಲ.

“ನಾನೇನೂ ಮಾಡ್ತಿರಲಿಲ್ಲಮ್ಮ” ಎಂದಳು. “ಒತ್ತಿದ್ರೆ ಏಳ್ತಿತ್ತು.”

ಅವಳು ನಂಬಿದಳು. ಅಕ್ಕಾ ಎಂದವಳು ನಂಬದೆ ಇನ್ನೇನು ಮಾಡಿಯಾಳು. ಹೌದೇನೋ, ಈಚೆಗೆ ನನಗೆ ಯಾವುದರ ಮೇಲೂ ಗಮನವಿಲ್ಲ ಎಂದು ತನ್ನನ್ನೇ ಹಳಿದುಕೊಂಡು ಕುರ್ಚಿ ಹಿಂದಕ್ಕೆ ಸರಿಸಿದಳು. ಹೆರಿಗೆ ರಜೆ ಹತ್ತಿರ ಬರುವ ಮೊದಲೇ ರಾಜೀನಾಮೆ ಬರೆದುಕೊಟ್ಟಳು. ಹೋಗುವಾಗ ಎಲ್ಲರಿಗೂ ಹೇಳಿ, ದೊಡ್ಡಮ್ಮನ ಕೈಯನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದಳು.

ವಿಮೆಗೆ ಸಹಿ ಬಿದ್ದ ಸುದ್ದಿಯನ್ನು ದೊಡ್ಡಮ್ಮ ಗಂಡನಿಗೆ ಹೇಳಿದಳು. ಆ ಡಬ್ಬ ಈಗ ಯಾರ ತಲೆಗೆ ಕಟ್ಟಿದರು ಎಂದು ಅವನು ಕೇಳಿದ. ಅದನ್ನೂ ಹೇಳಿದಳು, ಒತ್ತಿದರೆ ಏಳುತ್ತಿತ್ತು ಎಂದದ್ದನ್ನೂ ಬಿಡದೆ ಹೇಳಿದಳು. ಹೇಳಿ, ಅವನು ಬೈಯಲೆಂದು ಕಾದು ಕೂತಳು. ಎಲ್ಲದಕ್ಕೂ ಒಂದು ಚೂಪು ಮಾತು ಇಟ್ಟುಕೊಂಡಿದ್ದ ಮನುಷ್ಯ, ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ್ದ ತೋಳನ್ನು ಕಂಬಳಿಯೊಳಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದ.