ಉಮಾದೇವಿ ಬರೆದ ನೋಟಿಸು

ಮಾನ್ವಿಯ ಆ ಇಂಗ್ಲಿಷ್ ಮೀಡಿಯಂ ಶಾಲೆಯ ನೋಟಿಸುಗಳನ್ನೆಲ್ಲ ಬರೆಯುವವಳು ಆಫೀಸಿನ ಉಮಾದೇವಿ. ದೇವದುರ್ಗದಲ್ಲಿ ಬಿ.ಎ. ಮುಗಿಸಿ, ರಾಯಚೂರಿನಲ್ಲಿ ಟೈಪಿಂಗ್ ಕಲಿತು, ಮದುವೆಯಾಗಿ ಈ ಊರಿಗೆ ಬಂದವಳು. ಗಂಡನಿಗೆ ನೆಲೆಯಾದ ಕೆಲಸವಿಲ್ಲ. ಮನೆ ನಡೆಯುತ್ತಿದ್ದುದು ಅವಳ ಈ ಕುರ್ಚಿಯಿಂದಲೇ.

ಶಾಲೆಯ ಒಡೆಯರು ಕೊಟ್ರೇಶ ಸಾವಕಾರರು. ಮೊದಲಿನಿಂದ ಅವರದು ರೈಸ್‌ಮಿಲ್ಲು. ಮಾತಿನಲ್ಲಿ ಇನ್ನೂ ಹೊಟ್ಟಿನ ಧೂಳು. ತಡವಾಗಿ ಬಂದ ಮಕ್ಕಳನ್ನು ಗೇಟಿನ ಹೊರಗೇ ನಿಲ್ಲಿಸಿ ಎಂದು ಅವರು ಕೋಣೆಯಿಂದ ಗದರಿದರೆ, ಉಮಾದೇವಿಯ ಕಂಪ್ಯೂಟರಿನಲ್ಲಿ ಅದು ‘ಪೇರೆಂಟ್ಸ್ ಆರ್ ರಿಕ್ವೆಸ್ಟೆಡ್’ ಆಗುತ್ತಿತ್ತು. ಕೋರಲಾಗಿದೆ, ತಿಳಿಸಲಾಗಿದೆ, ನಿರ್ಧರಿಸಲಾಗಿದೆ. ಯಾರು ಕೋರಿದರು, ಯಾರು ನಿರ್ಧರಿಸಿದರು ಎಂಬುದು ಆ ಇಂಗ್ಲಿಷಿನಲ್ಲಿ ಎಲ್ಲಿಯೂ ಇರುತ್ತಿರಲಿಲ್ಲ. ಹಾಗೆ ಬರೆಯುವುದು ಅವಳಿಗೆ ಹಿಡಿಸಿತ್ತು. ಯಾರಿಗೂ ನೋವಾಗದ ಮಾತು ಅದು ಎಂದುಕೊಂಡಿದ್ದಳು.

ಅಂಬಮ್ಮನ ನೋಟಿಸನ್ನೂ ಹಾಗೆಯೇ ಬರೆದಳು.

ಅಂಬಮ್ಮ ಶಾಲೆಯ ಆಯಾ. ವ್ಯಾನಿನಲ್ಲಿ ಪುಟ್ಟ ಮಕ್ಕಳನ್ನು ಕರೆತರುವವಳು, ನಿದ್ದೆ ಬಂದವರನ್ನು ತೊಡೆಯ ಮೇಲೆ ಹಾಕಿಕೊಳ್ಳುವವಳು. ಅವಳ ಮಡಿಲಲ್ಲಿ ಬೆಳೆದ ಮಗುವೊಂದು ಮನೆಯಲ್ಲಿ ತಾಯಿಗೆ, “ಯಾಕ ಬೇ, ಉಣ್ಣಾಕ ಕೊಡಲ್ಲೇನು?” ಅಂದಿತಂತೆ. ಆಯಾಳ ಈ ಮಾತು ಕಲಿಯಲು ಇಂಗ್ಲಿಷ್ ಶಾಲೆ ಬೇಕಿತ್ತೇ ಎಂದು ಆ ತಾಯಿ ಸಾವಕಾರರ ಮುಂದೆ ಬಂದು ಕೂತರು. ಸಂಜೆಗೆ ಉಮಾದೇವಿ ಟೈಪ್ ಮಾಡಿದಳು: ‘ಇಟ್ ಹ್ಯಾಸ್ ಬೀನ್ ಡಿಸೈಡೆಡ್’. ಅಂಬಮ್ಮನ ಸೇವೆಯನ್ನು ನಿಲ್ಲಿಸಲು ನಿರ್ಧರಿಸಲಾಗಿದೆ.

ಅಂಬಮ್ಮನಿಗೆ ಓದು ಬಾರದು. ಉಮಾದೇವಿಯೇ ಅದನ್ನು ಕನ್ನಡದಲ್ಲಿ ಹೇಳಿದಳು.

“ಯಾರು ನಿರ್ಧಾರ ಮಾಡ್ಯಾರ, ಯವ್ವಾ?”

“ಹಂಗಂತ ಬರದದ, ಅಂಬಮ್ಮ.”

“ಕಾಗದ ಹೋಗಂದ್ರ ಹೋಗಾಕ ಬರ್ತದೇನು?”

ಹೊಲದ ಕೂಲಿಯವಳಿಗೂ ನಾಳೆ ಬರಬೇಡವೆಂದು ಒಡೆಯ ಎದುರು ನಿಂತು ಹೇಳುತ್ತಾನೆ, ಒಡತಿ ಉಡಿಗೆ ನಾಲ್ಕು ಹಿಡಿ ಜೋಳ ಹಾಕಿ ಕಳಿಸುತ್ತಾಳೆ ಎಂದಳು ಅಂಬಮ್ಮ. ನೋಟಿಸನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮರುದಿನ ವ್ಯಾನಿನಲ್ಲಿ ಹೊಸ ಹುಡುಗಿಯಿದ್ದಳು. ಅಂಬಮ್ಮ ಗೇಟಿನ ಪಕ್ಕದ ಬೇವಿನ ಮರದ ಕೆಳಗೆ ಬಂದು ಕೂತಳು. ಅದರ ಮರುದಿನವೂ. ಕಿಟಕಿಯಿಂದ ಮಕ್ಕಳು ಕೂಗಿದರೆ ಸೆರಗು ಸರಿಮಾಡಿಕೊಳ್ಳುವಳು ಅಷ್ಟೆ. ಮೊದಲು ನಕ್ಕ ಟೀಚರುಗಳು ಆಮೇಲೆ ಆ ಕಡೆ ನೋಡುವುದನ್ನೇ ಬಿಟ್ಟರು.

ಪ್ರವೇಶ ನಿಷೇಧಿಸಲಾಗಿದೆ ಎಂದು ಇನ್ನೊಂದು ನೋಟಿಸು ಬರೆಯುವಂತೆ ಸಾವಕಾರರು ಹೇಳಿದರು. ಉಮಾದೇವಿಯ ಬೆರಳುಗಳಿಗೆ ಆ ವಾಕ್ಯ ತಾನಾಗಿಯೇ ಬರುತ್ತಿತ್ತು. ಇವತ್ತು ಅವು ಕೀಲಿಗಳ ಮೇಲೆ ಸುಮ್ಮನೆ ಕೂತವು. ಅಂಬಮ್ಮನಿಗೆ ನೀವೇ ಒಂದು ಮಾತು ಹೇಳಿಬಿಡಿ ಎಂದು ಅವರನ್ನು ಕೇಳಿಯೂ ನೋಡಿದಳು.

“ಮತ್ತ ನಿನ್ನ ಯಾಕ ಇಟ್ಕೊಂಡೀನಿ?” ಎಂದರು ಸಾವಕಾರರು, ಫೋನಿನಿಂದ ಕಣ್ಣೆತ್ತದೆ.

ಮಧ್ಯಾಹ್ನ ಉಮಾದೇವಿ ಊಟದ ಡಬ್ಬಿ ಹಿಡಿದು ಬೇವಿನ ಮರದ ಕೆಳಗೆ ಹೋದಳು.

“ಅಂಬಮ್ಮ, ನಿನ್ನ ಕೆಲಸದಿಂದ ತಗದೋರು ಕೊಟ್ರೇಶ ಸಾವಕಾರ್ರು. ಬರದಾಕಿ ನಾನು. ನಾಳಿಂದ ಬರಬ್ಯಾಡ.”

ಜೋಳ ಇರಲಿಲ್ಲ. ಡಬ್ಬಿಯಲ್ಲಿದ್ದ ರೊಟ್ಟಿಗಳನ್ನು ಉಡಿಗೆ ಹಾಕಿದಳು. ಅಂಬಮ್ಮ ಉಡಿ ಕಟ್ಟಿಕೊಂಡಳು.

“ಈಗ ಹೋಗಾಕ ಬರ್ತದ ನೋಡು,” ಎಂದು ಎದ್ದಳು. ಬಸ್‌ಸ್ಟ್ಯಾಂಡಿನ ದಾರಿ ಹಿಡಿದವಳು ತಿರುಗಿ ನೋಡಲಿಲ್ಲ.

ತಮ್ಮ ಹೆಸರು ಗೇಟಿನಲ್ಲಿ ಆಡಿದ್ದು ಸಂಜೆಯೊಳಗೆ ಸಾವಕಾರರ ಕಿವಿಗೆ ಬಿತ್ತು. ಮರುದಿನ ಬೆಳಿಗ್ಗೆ ಉಮಾದೇವಿಯನ್ನು ಕರೆದು ಒಂದು ಜಾಹೀರಾತು ಟೈಪ್ ಮಾಡಲು ಹೇಳಿದರು: ‘ಅಪ್ಲಿಕೇಶನ್ಸ್ ಆರ್ ಇನ್ವೈಟೆಡ್’. ಆಫೀಸ್ ಅಸಿಸ್ಟೆಂಟ್ ಹುದ್ದೆಗೆ ಅರ್ಜಿ ಆಹ್ವಾನಿಸಲಾಗಿದೆ. ಶಾಲೆಯಲ್ಲಿ ಆ ಹುದ್ದೆ ಇದ್ದದ್ದು ಒಂದೇ, ಉಮಾದೇವಿಯದು.

ಒಂದು ತಪ್ಪೂ ಇಲ್ಲದಂತೆ ಟೈಪ್ ಮಾಡಿ, ಪ್ರಿಂಟ್ ತೆಗೆದು, ಮೇಜಿನ ಮೇಲಿಟ್ಟಳು. ಸಾವಕಾರರು ಸಹಿ ಹಾಕಿ, ಬೋರ್ಡಿಗೆ ಅಂಟಿಸಲು ಹೇಳಿ, ಕಾಗದವನ್ನು ಅವಳ ಕಡೆ ಸರಿಸಿದರು. ಉಮಾದೇವಿ ಅದನ್ನು ಮುಟ್ಟಲಿಲ್ಲ. ಹೊರಗೆ ಗಂಟೆ ಹೊಡೆಯಿತು, ಮಕ್ಕಳ ಗದ್ದಲ ಎದ್ದು ಅಡಗಿತು. ಅವಳು ಅಲ್ಲಿಯೇ ನಿಂತಿದ್ದಳು.

ಕೊನೆಗೆ ಅವರು ತಲೆ ಎತ್ತಬೇಕಾಯಿತು.

“ಹೋಗಂತ ಬಾಯಿಲೆ ಹೇಳ್ರಿ, ಸಾವಕಾರ್ರ,” ಎಂದಳು.

ಸಾವಕಾರರು ಮತ್ತೊಮ್ಮೆ ಕಾಗದವನ್ನೇ ಸರಿಸಿದರು.